ಮಾರನೆಯ ದಿನದ ಪಾಠ

ಅವರು ತೀರಿಕೊಂಡ ಸುದ್ದಿ ನಮ್ಮ ಹಳೆಯ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಚಂದ್ರಾ ಲೇಔಟಿನ ತರಕಾರಿ ಗಾಡಿಯ ಮುಂದೆ ಬೀನ್ಸ್ ಆರಿಸುತ್ತ ನಿಂತಿದ್ದೆ. ಮನೆಗೆ ಬರುವಷ್ಟರಲ್ಲಿ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದು ಬಿದ್ದಿದ್ದವು. ಅವುಗಳ ನಡುವೆ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅವರ ಜಿರಾಫೆಯ ಪಾಠವನ್ನು ನೆನೆದು ಬರೆಯತೊಡಗಿದರು. ಸಾರ್ ತೋಳು ತೋರಿಸಿದ ದಿನ ಮರೆಯೋಕಾಗಲ್ಲ ಎಂದು ಒಬ್ಬ, ಆ ಎರಡು ದಿನದಲ್ಲಿ ಕಲಿತದ್ದು ಎರಡು ವರ್ಷದಲ್ಲಿ ಕಲಿಯಲಿಲ್ಲ ಎಂದು ಇನ್ನೊಬ್ಬಳು. ನೀವೂ ಏನಾದರೂ ಬರೆಯಿರಿ ಮೇಡಂ, ಅಕ್ಕಪಕ್ಕ ಕೂತಿದ್ದವರು ನೀವು ಎಂದು ಯಾರೋ ನನ್ನನ್ನು ಕೇಳಿದರು. ನನ್ನಿಂದ ಒಂದಕ್ಷರವೂ ಬರೆಯಲಾಗಲಿಲ್ಲ. ಬರೆದರೆ ಪೂರ್ತಿ ಬರೆಯಬೇಕಾಗಿತ್ತು, ಅದಕ್ಕೆ ಆ ಗುಂಪು ಜಾಗವಲ್ಲ.

ಅವರ ಹೆಸರು ಇಲ್ಲಿ ಬರುವುದಿಲ್ಲ. ಹೊಗಳಿಕೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಓದುತ್ತ ಹೋದಂತೆ ತಾನಾಗಿ ತಿಳಿಯುತ್ತದೆ.

ವಿಜಯನಗರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅವರು ಜೀವಶಾಸ್ತ್ರ ಹೇಳುತ್ತಿದ್ದರು, ನಾನು ಗಣಿತ. ನನಗಿಂತ ಹತ್ತು ವರ್ಷ ದೊಡ್ಡವರು. ಸಣಕಲು ಮೈ, ಕಡುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಮೆಲ್ಲನೆಯ ಮಾತು. ಮೆಲ್ಲನೆ ಎಂದರೆ ಎಷ್ಟು ಎಂದರೆ, ಅವರ ತರಗತಿಯಲ್ಲಿ ಹಿಂದಿನ ಬೆಂಚಿನವರು ಗಲಾಟೆ ಮಾಡಿದರೆ ಮುಂದಿನ ಬೆಂಚಿನವರೇ ತಿರುಗಿ ಗದರುತ್ತಿದ್ದರು. ನಾನು ಗಂಟಲು ಹರಿದುಕೊಂಡು ಪಾಠ ಮಾಡುವವಳು. ಪಕ್ಕದ ಕೋಣೆಯ ಆ ನಿಶ್ಶಬ್ದ ಕೇಳಿ ನನಗೆ ಹೊಟ್ಟೆಯುರಿ ಆಗುತ್ತಿತ್ತು, ಅದನ್ನೇಕೆ ಮುಚ್ಚಿಡಲಿ.

ಉತ್ತರಪತ್ರಿಕೆ ತಿದ್ದುವಾಗ ಅವರು ತಪ್ಪಿಗಿಂತ ಸರಿಯುತ್ತರಕ್ಕೆ ಹೆಚ್ಚು ಶಾಯಿ ಖರ್ಚು ಮಾಡುತ್ತಿದ್ದರು. ಸರಿಯಾಗಿ ಬರೆದ ವಾಕ್ಯದ ಪಕ್ಕದಲ್ಲಿ 'ಹೇಗೆ ಗೊತ್ತು?' ಎಂದು ಬರೆಯುವುದು ಅವರ ಪದ್ಧತಿ. ಅಂಕ ಪೂರ್ತಿ ಕೊಡುತ್ತಿದ್ದರು, ಪ್ರಶ್ನೆಯನ್ನೂ ಕೇಳುತ್ತಿದ್ದರು. ಮನುಷ್ಯನ ಹೃದಯಕ್ಕೆ ನಾಲ್ಕು ಕೋಣೆ ಎಂದು ಬರೆದ ಹುಡುಗನೊಬ್ಬ ಈ ಪ್ರಶ್ನೆ ನೋಡಿ ಸ್ಟಾಫ್ ರೂಮಿಗೇ ಬಂದ. ಪುಸ್ತಕದಲ್ಲಿದೆ ಸಾರ್ ಎಂದ. ಪುಸ್ತಕ ಬರೆದವನಿಗೆ ಹೇಗೆ ಗೊತ್ತು ಎಂದು ಇವರು ಕೇಳಿದರು. ಮಾರನೆಯ ದಿನ ಮಾಂಸದ ಅಂಗಡಿಯಿಂದ ಕುರಿಯ ಹೃದಯವೊಂದನ್ನು ತಾವೇ ಬಟ್ಟೆಚೀಲದಲ್ಲಿ ತಂದು, ಲ್ಯಾಬಿನಲ್ಲಿ ಕೊಯ್ದು, ಆ ಹುಡುಗನ ಬೆರಳನ್ನೇ ನಾಲ್ಕೂ ಕೋಣೆಗಳಲ್ಲಿ ಆಡಿಸಿದರು. ಆ ಹುಡುಗ ಈಗ ಬಸವೇಶ್ವರನಗರದಲ್ಲಿ ಬೇಕರಿ ಇಟ್ಟಿದ್ದಾನೆ. ನಾನು ಬ್ರೆಡ್ಡಿಗೆ ಹೋದಾಗಲೆಲ್ಲ ಆ ಹೃದಯದ ಸುದ್ದಿ ತೆಗೆಯುತ್ತಾನೆ.

ಅವರಿಗೆ ಕೋಪ ಬರುತ್ತಿದ್ದುದು ಒಂದೇ ಮಾತಿಗೆ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನೊಬ್ಬನ ಬಗ್ಗೆ ನಮ್ಮ ಇಂಗ್ಲಿಷ್ ಮೇಷ್ಟ್ರು ಒಮ್ಮೆ, ಇವನಪ್ಪನನ್ನೂ ಬಲ್ಲೆ, ರಕ್ತದಲ್ಲೇ ಬಂದಿದೆ ಅಂದುಬಿಟ್ಟರು. ಇವರು ಕಾಫಿ ಲೋಟ ಕೆಳಗಿಟ್ಟು, ರಕ್ತದಲ್ಲಿ ಚೀಟಿ ಎಲ್ಲಿರುತ್ತೆ ಸಾರ್, ನನಗೂ ಸ್ವಲ್ಪ ತೋರಿಸಿ ಎಂದರು. ನಾವೆಲ್ಲ ನಕ್ಕೆವು. ಅವರು ಮಾತ್ರ ನಗಲಿಲ್ಲ, ಉತ್ತರಕ್ಕೆ ಕಾಯುತ್ತ ಹಾಗೇ ಕೂತಿದ್ದರು. ಇಂಗ್ಲಿಷ್ ಮೇಷ್ಟ್ರು ಕೊನೆಗೆ ಎದ್ದು ಹೊರಗೆ ಹೋದರು.

ಇನ್ನು ಆ ಪಾಠ. ಹುಟ್ಟಿದ ಮೇಲೆ ಒಂದು ಜೀವಿ ಸಂಪಾದಿಸಿಕೊಂಡ ಗುಣ ಅದರ ಮರಿಗೆ ಹುಟ್ಟಿನಿಂದಲೇ ಬರುತ್ತದೆಯೇ ಎನ್ನುವ ಹಳೆಯ ಪ್ರಶ್ನೆ ಅದು. ಎತ್ತರದ ಎಲೆಗೆ ಕತ್ತು ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು, ಆ ಉದ್ದ ಮರಿಗೂ ಬಂತು ಎಂದ ಫ್ರಾನ್ಸಿನ ಹಳೆಯ ಪಂಡಿತನ ಸಿದ್ಧಾಂತ ಎರಡನೇ ಪಿಯುಸಿಯವರಿಗೆ ಇರುತ್ತದೆ. ಬೇರೆ ಮೇಷ್ಟ್ರುಗಳು ಅದನ್ನು ಕಾಲು ಗಂಟೆಯಲ್ಲಿ ಹೇಳಿ, ಇದು ತಪ್ಪು ಎಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ಇವರು ಎರಡು ದಿನ ತೆಗೆದುಕೊಳ್ಳುತ್ತಿದ್ದರು. ಮೊದಲ ದಿನ ಇಡೀ ಪೀರಿಯಡ್ ಆ ಪಂಡಿತನ ವಕೀಲರಂತೆ ವಾದಿಸುವುದು. ಅದು ತಪ್ಪು ಎಂಬ ಸುಳಿವನ್ನೂ ಕೊಡುತ್ತಿರಲಿಲ್ಲ. ಗ್ರೀಕರ ಕಾಲದಲ್ಲೇ, ಮಗುವಿನ ತಲೆ ಉದ್ದವಾಗಲೆಂದು ಬಟ್ಟೆ ಬಿಗಿಯುತ್ತಿದ್ದ ಜನಕ್ಕೆ ಕೊನೆಗೆ ಉದ್ದತಲೆಯ ಮಕ್ಕಳೇ ಹುಟ್ಟತೊಡಗಿದವು ಎಂದು ನಂಬಿದ್ದರಂತೆ, ಅಲ್ಲಿಂದ ಶುರು. ನಮ್ಮ ಅಜ್ಜಿಯರು ಎಣ್ಣೆನೀರು ಹಾಕುವಾಗ ಕೂಸಿನ ಮೂಗು ತೀಡುವುದರವರೆಗೆ ಬರುತ್ತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಮನೆಯಲ್ಲಿ ಏನು ಕೆಲಸ ಎಂದು ಕೇಳುವುದು. ದರ್ಜಿಯ ಮಗನ ಕಣ್ಣು, ಹಮಾಲಿಯ ಮಗನ ಬೆನ್ನು, ಪುರೋಹಿತರ ಮಗನ ಗಂಟಲು, ಎಲ್ಲವನ್ನೂ ಆ ಸಿದ್ಧಾಂತಕ್ಕೆ ಸಾಕ್ಷಿ ಮಾಡಿ ನಿಲ್ಲಿಸುತ್ತಿದ್ದರು. ಅಪ್ಪ ಅಮ್ಮ ಮಾಡಿದ್ದು ಮಕ್ಕಳ ಮೈಗೆ ಬರುತ್ತದೆ, ಅವರು ಮಾಡದೇ ಇದ್ದದ್ದು ಅಷ್ಟು ಸುಲಭಕ್ಕೆ ಬರುವುದಿಲ್ಲ ಎಂದು ಮುಗಿಸಿ, ಬೋರ್ಡಿನ ಮೇಲೆ ಜಿರಾಫೆಯ ಚಿತ್ರವನ್ನು ಹಾಗೇ ಬಿಟ್ಟು ಹೊರಟುಹೋಗುತ್ತಿದ್ದರು.

ಮಾರನೆಯ ದಿನ ಅದನ್ನೆಲ್ಲ ಕೆಡವುವ ದಿನ. ಜರ್ಮನಿಯ ಒಬ್ಬ ವಿಜ್ಞಾನಿ ತಲೆಮಾರಿನ ಮೇಲೆ ತಲೆಮಾರು ಇಲಿಗಳ ಬಾಲ ಕತ್ತರಿಸುತ್ತ ಹೋದ, ಮರಿಗಳು ಮಾತ್ರ ಬಾಲ ಇಟ್ಟುಕೊಂಡೇ ಹುಟ್ಟಿದವು ಎಂದು ಹೇಳಿ, ಪಾಪ ಆ ಇಲಿಗಳನ್ನ ಯಾಕೆ ಕೇಳ್ಬೇಕಿತ್ತು, ನಮ್ಮ ಯಾವ ಅಜ್ಜೀನ ಕೇಳಿದ್ರೂ ಸಾಕಿತ್ತು ಎನ್ನುತ್ತಿದ್ದರು. ಎಷ್ಟು ಕಾಲದಿಂದ ನಾವು ಕಿವಿ ಚುಚ್ಚಿಸುತ್ತಿದ್ದೇವೆ, ತೂತಿನ ಕಿವಿಯ ಕೂಸು ಯಾರ ಮನೆಯಲ್ಲಿ ಹುಟ್ಟಿದೆ? ಹುಡುಗಿಯರೆಲ್ಲ ತಮ್ಮ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೊನೆಗೆ, ವರ್ಷದಲ್ಲಿ ಆ ಒಂದೇ ದಿನ, ಬಲತೋಳಿನ ಗುಂಡಿ ಬಿಚ್ಚಿ ಅಂಗಿಯನ್ನು ಭುಜದವರೆಗೆ ಮಡಿಸುತ್ತಿದ್ದರು. ಕಮ್ಮಾರನ ಮಗನಿಗೆ ಹುಟ್ಟಿನಿಂದಲೇ ಗಟ್ಟಿ ತೋಳು ಎನ್ನುವುದು ಆ ಸಿದ್ಧಾಂತದವರ ಮೆಚ್ಚಿನ ಉದಾಹರಣೆ. ನಮ್ಮಪ್ಪ ಕಮ್ಮಾರ, ಅವರಪ್ಪನೂ ಕಮ್ಮಾರ, ಮಾಗಡಿ ಕಡೆ ಹಳ್ಳೀಲಿ ಇನ್ನೂ ನಮ್ಮ ಕುಲುಮೆ ಇದೆ, ಈಗ ಈ ತೋಳು ನೋಡಿ ಎಂದು ಹಂಚಿಕಡ್ಡಿಯಂಥ ತೋಳನ್ನು ಮುಂದೆ ಚಾಚುತ್ತಿದ್ದರು. ತರಗತಿ ಗೊಳ್ಳೆನ್ನುತ್ತಿತ್ತು. ಆ ನಗು ಅಡಗಿದ ಮೇಲೆ ಅವರು ಹೇಳುತ್ತಿದ್ದ ಮಾತನ್ನು ನಾನು ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇನೆ. ನಿಮ್ಮ ಮನೆಯ ಕೆಲಸ ನಿಮ್ಮ ಮೈಯಲ್ಲಿ ಬರೆದಿಲ್ಲ, ಪ್ರತಿ ಮಗುವೂ ಮೊದಲಿನಿಂದ ಶುರು ಮಾಡುತ್ತದೆ, ನೀವು ಏನು ಬೇಕಾದರೂ ಕಲಿಯಬಹುದು. ಆ ಫ್ರೆಂಚ್ ಪಂಡಿತನನ್ನು ನೋಡಿ ನಗಲು ಮಾತ್ರ ಬಿಡುತ್ತಿರಲಿಲ್ಲ. ಜೀವಿಗಳು ಬದಲಾಗುತ್ತವೆ ಎಂದು ಹೇಳಲು ಎದೆ ಬೇಕಾಗಿದ್ದ ಕಾಲದಲ್ಲಿ ಹೇಳಿದವನು, ಕೊನೆಗಾಲದಲ್ಲಿ ಕಣ್ಣೂ ಹೋಗಿ ಬಡತನದಲ್ಲಿ ಸತ್ತವನು, ಅವನಿಗೆ ಕೈಮುಗಿದೇ ಅವನ ತಪ್ಪು ತೋರಿಸಬೇಕು ಎನ್ನುತ್ತಿದ್ದರು.

ನನಗೆ ಈ ಎರಡು ದಿನದ ಆಟ ಸರಿಬರುತ್ತಿರಲಿಲ್ಲ. ತಪ್ಪು ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಒಂದು ನಿಮಿಷವೂ ಬಿಡುವವಳಲ್ಲ. ಅವರೊಂದಿಗೆ ಇದಕ್ಕಾಗಿ ಜಗಳವಾಡಿದ್ದೂ ಇದೆ. ಒಂದು ರಾತ್ರಿ ಅದನ್ನು ನಿಜವೆಂದೇ ನಂಬಿ ಮಲಗಿದವನಿಗೆ ಮಾತ್ರ ಅದು ಸುಳ್ಳೆಂದು ತಿಳಿದಾಗ ನಾಟುತ್ತದೆ ಎನ್ನುವುದು ಅವರ ವಾದ. ಮಾರನೇ ದಿನ ನೀವು ಬರದೇ ಹೋದ್ರೆ ಏನ್ ಸಾರ್ ಗತಿ ಎಂದು ಕೇಳಿದ್ದೆ. ಆ ಒಂದು ದಿನ ಇಷ್ಟು ವರ್ಷದಲ್ಲಿ ರಜ ಹಾಕಿಲ್ಲ ಮೇಡಂ ಎಂದಿದ್ದರು.

ಹಾಕಬೇಕಾಗಿ ಬಂತು. ಈಗ ಇಪ್ಪತ್ತೈದು ವರ್ಷದ ಮೇಲಾಯಿತು. ಆ ವರ್ಷ ಮೊದಲ ದಿನದ ಪಾಠ ಮುಗಿಸಿ ಬಂದು ಕೈ ತೊಳೆಯುತ್ತಿದ್ದಾಗ ಆಫೀಸಿನಿಂದ ಕರೆ ಬಂತು. ಊರಿನಲ್ಲಿ ಅವರ ತಂದೆ ಹೋಗಿಬಿಟ್ಟಿದ್ದರು. ಸ್ಟಾಫ್ ರೂಮಿಗೆ ಬಂದು ಚೀಲ ತೆಗೆದುಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ನಾಳೆ ನನ್ನ ಪೀರಿಯಡ್ ನೀವು ತಗೊಳ್ಳಿ. ಪಾಠ ಬೇಡ. ಒಂದೇ ಒಂದು ಮಾತು ಹೇಳ್ಬಿಡಿ. ನಿನ್ನೆ ಹೇಳಿದ್ದು ನಿಜ ಅಲ್ಲ, ಯಾಕೆ ಅಂತ ಸಾರ್ ಬಂದು ಹೇಳ್ತಾರೆ ಅಂತ."

ಆಗಲಿ ಸಾರ್, ನೀವು ಹೊರಡಿ ಎಂದೆ. ತಂದೆ ಸತ್ತ ಸುದ್ದಿ ಕೇಳಿ ಐದು ನಿಮಿಷ ಆಗಿರಲಿಲ್ಲ, ಮನುಷ್ಯನಿಗೆ ಪಾಠದ ಚಿಂತೆ. ನನಗೆ ಅದು ಅತಿ ಅನ್ನಿಸಿತು.

ಮಾರನೆಯ ದಿನ ಆ ತರಗತಿಗೆ ಹೋದೆ. ಬೋರ್ಡಿನ ಮೇಲೆ ಜಿರಾಫೆ ಇತ್ತು. ಮರೆತೆ ಎಂದು ಬರೆದರೆ ಇಷ್ಟು ದೂರ ಬಂದು ಸುಳ್ಳು ಬರೆದಂತಾಗುತ್ತದೆ. ನೆನಪಿತ್ತು. ಆದರೆ ನನ್ನ ಪಾಠ ಹಿಂದೆ ಬಿದ್ದಿತ್ತು, ಸಿಕ್ಕ ಪೀರಿಯಡ್ಡಿನಲ್ಲಿ ನಾಲ್ಕು ಲೆಕ್ಕ ಮಾಡಿಸೋಣ ಅನ್ನಿಸಿತು. ಇದರ ಜೊತೆಗೆ ಇನ್ನೂ ಒಂದು ಇತ್ತು. ನನ್ನ ಯಾವ ಪಾಠಕ್ಕೂ ಮಕ್ಕಳು ಮಾರನೆಯ ದಿನ ಹೀಗೆ ಕಣ್ಣರಳಿಸಿ ಕಾದು ಕೂತವರಲ್ಲ. ಅವರ ನಾಟಕದ ಕೊನೆಯ ಸಾಲನ್ನು ನಾನೇಕೆ ಹೇಳಲಿ ಎಂಬ ಸಣ್ಣ ಬುದ್ಧಿ ಒಳಗೆ ಕೂತಿತ್ತು. ಡಸ್ಟರ್ ತೆಗೆದುಕೊಂಡು ಜಿರಾಫೆಯನ್ನು ಒರೆಸಿದೆ, ಲೆಕ್ಕ ಬರೆದೆ. ಬೆಲ್ ಹೊಡೆಯಿತು, ಹೊರಗೆ ಬಂದೆ.

ಕಾರ್ಯವೆಲ್ಲ ಮುಗಿಸಿ, ತಲೆ ಬೋಳಿಸಿಕೊಂಡು ಅವರು ವಾಪಸ್ ಬಂದಾಗ ಎರಡು ವಾರ ಕಳೆದಿತ್ತು. ಮೊದಲು ಕೇಳಿದ್ದೇ ಅದನ್ನು. ಹೇಳಿದ್ರಾ ಮೇಡಂ? ಹೇಳಿದೆ ಸಾರ್ ಎಂದೆ. ಏನಂದ್ರು ಹುಡುಗ್ರು? ನಕ್ಕರು ಎಂದೆ. ಅವರ ಮುಖದಲ್ಲಿ ಅಷ್ಟು ದಿನದ ಆಯಾಸದ ನಡುವೆಯೂ ಒಂದು ಸಮಾಧಾನ ಕಂಡಿತು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆ ತರಗತಿಯ ಮಕ್ಕಳಿಗೆ ಹೆಚ್ಚೇನೂ ನಷ್ಟವಾಗಲಿಲ್ಲ ಎಂದು ನಾನು ಸಮಾಧಾನ ಹೇಳಿಕೊಂಡೆ. ಅವರು, ನಾನು ಹೇಳಿದ್ದೇನೆ ಎಂದೇ ನಂಬಿ, ಬಂದ ಮೇಲೆ ಉಳಿದರ್ಧ ಪಾಠ ಮುಗಿಸಿದರು; ಪಠ್ಯಪುಸ್ತಕದಲ್ಲೂ ಆ ಸಿದ್ಧಾಂತಕ್ಕೆ ಬಂದ ಆಕ್ಷೇಪಗಳಿದ್ದವು, ಮಕ್ಕಳು ಓದಿಕೊಂಡು ಪರೀಕ್ಷೆಯಲ್ಲಿ ಬರೆದರು. ಆ ಎರಡು ವಾರದಲ್ಲಿ ಒಬ್ಬಳು ಹುಡುಗಿ ಕಾಲೇಜು ಬಿಟ್ಟಿದ್ದಳು, ಅಷ್ಟೇ. ಮೂಡಲಪಾಳ್ಯದಿಂದ ಬರುತ್ತಿದ್ದವಳು. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ವಿಜ್ಞಾನ ತೆಗೆದುಕೊಂಡು ಒದ್ದಾಡುತ್ತಿದ್ದಳು, ನನ್ನ ಟೆಸ್ಟಿನಲ್ಲೂ ಅಂಕ ಕಡಿಮೆ. ಮನೆಯಲ್ಲಿ ಅಮ್ಮ ಊದುಬತ್ತಿ ಹೊಸೆಯುತ್ತಿದ್ದರು. ಅವಳು ಯಾಕೆ ಬರುತ್ತಿಲ್ಲ ಎಂದು ಇವರು ಅದೇ ಕಡೆಯ ಹುಡುಗಿಯೊಬ್ಬಳ ಕೈಲಿ ಕೇಳಿ ಕಳಿಸಿದರು. ಅಮ್ಮನ ಕೆಲಸಕ್ಕೆ ಕೈ ಬೇಕಂತೆ ಎಂದು ಉತ್ತರ ಬಂತು. ಆಗ ಎಷ್ಟೋ ಹುಡುಗಿಯರು ಹಾಗೆ ಬಿಡುತ್ತಿದ್ದರು. ಇದನ್ನೂ ಅದನ್ನೂ ನಾನು ಜೋಡಿಸಿ ನೋಡಲಿಲ್ಲ.

ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಭಾಷಣ ಮಾಡಲು ಎದ್ದು ನಿಂತವರು, ನಾನು ನಿಮಗೆಲ್ಲ ಹೇಳಿದ್ದರಲ್ಲಿ ಒಂದಷ್ಟು ಮುಂದೆ ತಪ್ಪು ಅಂತ ಗೊತ್ತಾಗುತ್ತೆ, ಆವಾಗ ಬೇಜಾರು ಮಾಡ್ಕೋಬೇಡಿ ಎಂದು ಕೂತುಬಿಟ್ಟರು. ಆಮೇಲೆ ವಿಜಯನಗರದ ಮೆಟ್ರೋ ನಿಲ್ದಾಣದ ಹತ್ತಿರ ಸಂಜೆ ವಾಕಿಂಗಿನಲ್ಲಿ ಸಿಗುತ್ತಿದ್ದರು. ನಮ್ಮ ಕಾಲೇಜಿಗೆ ಮೇಷ್ಟ್ರಾಗಿ ಸೇರಿದ ಹೊಸ ಹುಡುಗನೊಬ್ಬ, ಈಗಿನ ಸಂಶೋಧನೆ ನೋಡಿದರೆ ಆ ಹಳೆಯ ಪಂಡಿತ ಹೇಳಿದ್ದರಲ್ಲಿ ಸ್ವಲ್ಪ ಹುರುಳಿರಬಹುದಂತೆ ಸಾರ್ ಎಂದು ಅವರನ್ನು ಕೆಣಕಿದ. ಇದ್ರೆ ಇರ್ಲಿ, ಹೇಗೆ ಗೊತ್ತು ಅಂತ ಬರ್ಕೊಂಡು ಬನ್ನಿ, ಓದ್ತೀನಿ ಎಂದರು. ಅವನು ಬರೆದುಕೊಂಡು ಬಂದ, ಇವರು ಒಂದು ವಾರ ಕೂತು ಓದಿದರು.

ಮೂರು ವರ್ಷದ ಹಿಂದೆ ಒಂದು ದಿನ ಅವರಿಂದ ಫೋನ್ ಬಂತು. ದನಿ ಎಂದಿನಂತಿರಲಿಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ನಡು ವಯಸ್ಸಿನ ಹೆಂಗಸೊಬ್ಬಳು ಬಂದು ಅವರ ಕಾಲುಮುಟ್ಟಿ ನಮಸ್ಕಾರ ಮಾಡಿದಳಂತೆ. ಅದೇ ಮೂಡಲಪಾಳ್ಯದ ಹುಡುಗಿ. ಜೊತೆಯಲ್ಲಿ ಮಗಳು, ಆಗಷ್ಟೇ ಪಿಯುಸಿಗೆ ಸೇರಿದವಳು. ಇವಳು ಹೊಟ್ಟೆಯಲ್ಲಿದ್ದಾಗ ನೀವು ಹೇಳಿದ ಪಾಠ ನೆನೆಸಿಕೊಂಡು ಒಂದು ಊದುಬತ್ತಿಯನ್ನೂ ಮುಟ್ಟಲಿಲ್ಲ ಸಾರ್, ಲೈಬ್ರರಿಯಿಂದ ಪುಸ್ತಕ ತಂದು ಓದಿದೆ, ಅತ್ತೆ ಕೈಲಿ ಎಷ್ಟು ಬೈಸಿಕೊಂಡೆ, ಅದಕ್ಕೇ ಇವಳು ಇಷ್ಟು ಚೆನ್ನಾಗಿ ಓದ್ತಾಳೆ ಎಂದು ಅವಳು ಸಂತೋಷದಿಂದ ಹೇಳಿದಳಂತೆ. ಜನಜಂಗುಳಿಯಲ್ಲಿ ಹೇಳುವ ಮಾತಲ್ಲವೆಂದು ಇವರು ಮನೆಯ ವಿಳಾಸ ಕೇಳಿಕೊಂಡು ಬಂದಿದ್ದಾರೆ.

"ಮಾರನೇ ದಿನ ನೀವು ಹೇಳಿದಾಗ ಆ ಹುಡುಗಿ ಬಂದಿರಲಿಲ್ಲ ಅನ್ಸುತ್ತೆ ಮೇಡಂ. ಮೊದಲ ದಿನದ್ದೇ ಇಟ್ಕೊಂಡು ಇಷ್ಟು ವರ್ಷ ಬದುಕಿದಾಳೆ. ನಾನು ಹೋಗಿ ಹೇಳ್ಬೇಕು. ನೀವೂ ಬರ್ತೀರಾ?"

ನಾನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬರುವುದಿಲ್ಲ ಎನ್ನಲು ಕಾರಣ ಬೇಕಾಗಿತ್ತು, ಆ ಕಾರಣ ಹೇಳುವ ಧೈರ್ಯ ಇರಲಿಲ್ಲ. ಬರ್ತೀನಿ ಸಾರ್ ಎಂದೆ.

ಮೂಡಲಪಾಳ್ಯದ ಒಂದು ಸಣ್ಣ ಅಡ್ಡರಸ್ತೆಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ. ನಡುಮನೆಯ ಮೂಲೆಯಲ್ಲಿ ಮಣೆ, ಒಂದು ಕಟ್ಟು ಕಡ್ಡಿ, ಕಲಸಿಟ್ಟ ಕಪ್ಪು ಮಸಾಲೆ. ಎಲ್ಲ ಕಡೆ ಮೆಷಿನ್ ಬಂದಿದೆ, ಆದರೂ ಕೈಯಲ್ಲಿ ಹೊಸೆದದ್ದೇ ಬೇಕು ಎನ್ನುವವರು ಇನ್ನೂ ಇದ್ದಾರೆ ಎಂದಳು. ಮಗಳು ಕಾಲೇಜಿಗೆ ಹೋಗಿದ್ದಳು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅವಳಿಗೆ ಎಲ್ಲಿ ಕೂರಿಸಬೇಕೋ ತಿಳಿಯದಷ್ಟು ಸಡಗರ. ಕಾಫಿ ಆಯಿತು. ಇವರು ಲೋಟ ಕೆಳಗಿಟ್ಟು ನಿಧಾನವಾಗಿ ಶುರು ಮಾಡಿದರು. ಆ ಪಾಠ ಅಲ್ಲಿಗೆ ಮುಗಿದಿರಲಿಲ್ಲ ಕಣಮ್ಮ, ಮಾರನೇ ದಿನ ಇನ್ನೊಂದು ಇತ್ತು, ನೀನು ಅವತ್ತು ಬಂದಿರಲಿಲ್ಲ ಅನ್ಸುತ್ತೆ ಎಂದರು.

"ಬಂದಿದ್ದೆ ಸಾರ್. ನೀವು ಬಂದಿರ್ಲಿಲ್ಲ. ಈ ಮೇಡಂ ಬಂದು ಬೋರ್ಡ್ ಒರೆಸಿ ಲೆಕ್ಕ ಮಾಡ್ಸಿದ್ರು."

ಅವಳು ಅದನ್ನು ನೆನಪಿನ ಖುಷಿಯಲ್ಲಿ, ನನ್ನ ಕಡೆ ನೋಡಿ ನಗುತ್ತಲೇ ಹೇಳಿದಳು. ಅವರು ನನ್ನತ್ತ ತಿರುಗಲಿಲ್ಲ. ಕೈಯಲ್ಲಿದ್ದ ಕನ್ನಡಕವನ್ನು ಒಮ್ಮೆ ಒರೆಸಿ ಹಾಕಿಕೊಂಡರು.

"ಹೌದಮ್ಮ. ಮೇಡಂಗೆ ಹೇಳಿ ಹೋಗೋದು ನಾನೇ ಮರ್ತೆ. ಅಪ್ಪ ತೀರ್ಕೊಂಡಿದ್ರು, ಆ ಗಡಿಬಿಡೀಲಿ."

ತರಗತಿಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಯಾವ ಸುಳ್ಳನ್ನೂ ಬಾಳಗೊಡದ ಮನುಷ್ಯ, ನನಗಾಗಿ ಆ ಸುಳ್ಳು ಹೇಳಿದರು. ಹೇಳಿದ ಮೇಲೆ ಪಾಠ ಮಾಡಿದರು. ಇಲಿಗಳ ಬಾಲ ಆಯಿತು, ಕಿವಿ ಆಯಿತು. ಅವಳು ಎಲ್ಲ ಹುಡುಗಿಯರಂತೆ ತನ್ನ ಕಿವಿ ಮುಟ್ಟಿಕೊಂಡಳು. ಕಮ್ಮಾರನ ಮಾತು ಬಂದಾಗ ಅವರು ತೋಳಿನ ಗುಂಡಿ ಬಿಚ್ಚಿ ಅಂಗಿ ಮಡಿಸಿದರು. ಮುದುಕರಾಗಿದ್ದರು, ಚರ್ಮ ಜೋತುಬಿದ್ದಿತ್ತು. ನಗುವವರು ಯಾರೂ ಇರಲಿಲ್ಲ.

ಹಾಗಾದ್ರೆ ಮಗಳು ಹೊಟ್ಟೆಯಲ್ಲಿದ್ದಾಗ ನಾನು ಓದಿದ್ದು ಎಂದು ಅವಳು ಕೇಳಿದಳು. ಅದು ನಿನಗೆ ಬಂತು ಕಣಮ್ಮ, ಅವಳಿಗೆ ಹೋಗಲಿಲ್ಲ, ಅವಳ ಓದು ಪೂರ್ತಿ ಅವಳದೇ, ಪುಸ್ತಕ ಹಿಡಿದ ಅಮ್ಮನನ್ನು ನೋಡುತ್ತ ಬೆಳೆದಳಲ್ಲ, ಅದು ಮಾತ್ರ ನೀನು ಕೊಟ್ಟಿದ್ದು ಎಂದರು. ಅವಳು ಮಸಾಲೆ ಅಂಟಿ ಕಪ್ಪಾಗಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು. ಆವತ್ತು ಇಡೀ ಕ್ಲಾಸಿನ ಮುಂದೆ ನನ್ನ ಕೈ ಎತ್ತಿಸಿದ್ರಿ, ಈ ಬೆರಳು ನೋಡಿ, ಹೊಸೆಯೋದಕ್ಕೇ ಹುಟ್ಟಿರೋದು ಅಂದ್ರಿ ಎಂದಳು. ಹೌದಮ್ಮ, ಅಂದಿದ್ದೆ ಎಂದರು ಅವರು.

"ಹಾಗಾದ್ರೆ ನಾನೂ ಓದ್ಬೋದಿತ್ತಲ್ಲ ಸಾರ್?"

"ಓದ್ಬೋದಿತ್ತಮ್ಮ."

ಇದರ ಮುಂದೆ ಏನಾದರೂ ಸೇರಿಸುತ್ತಾರೆ ಎಂದು ನಾನು ಕಾದೆ. ಈಗಲೂ ಹೊತ್ತು ಮೀರಿಲ್ಲ ಎಂದೋ, ಮಗಳು ಓದುತ್ತಿದ್ದಾಳಲ್ಲ ಬಿಡು ಎಂದೋ. ಅವಳು ಅತ್ತಳು, ಅವರು ಎದುರಿಗೆ ತಲೆ ತಗ್ಗಿಸಿ ಕೂತಿದ್ದರು. ಹೊರಡುವಾಗ, ಭಾನುವಾರ ಬಂದು ಮಗಳಿಗೆ ಪಾಠ ಹೇಳಬಹುದೇ ಎಂದು ಅವಳನ್ನು ಕೇಳಿದರು, ಅಪ್ಪಣೆ ಕೇಳಿದಂತೆ.

ವಾಪಸ್ ಆಟೋದಲ್ಲಿ ನಾನು ಎಷ್ಟೋ ಸಲ ಬಾಯಿ ತೆರೆದೆ. ಮಾರುತಿಮಂದಿರ ದಾಟಿತು, ಮಾರ್ಕೆಟ್ ಬಂತು. ಅವರು ಇಳಿದು, ಬರ್ತೀನಿ ಮೇಡಂ ಎಂದು ಎಂದಿನಂತೆ ಹೇಳಿ ಹೋದರು. ಆಮೇಲೆ ಮೂರು ವರ್ಷ ವಾಕಿಂಗಿನಲ್ಲಿ ಸಿಕ್ಕರು, ನನ್ನ ಮಂಡಿನೋವು ವಿಚಾರಿಸಿದರು, ನಮ್ಮ ಮನೆಯ ಗೃಹಪ್ರವೇಶಕ್ಕೂ ಬಂದು ಉಂಡುಹೋದರು. ಒಂದು ದಿನವಾದರೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನಾನು ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆನೋ ಏನೋ. ಅವರು ನನ್ನನ್ನು ಕ್ಷಮಿಸಿದ್ದರೇ, ಅಥವಾ ನಾನೇ ಬಂದು ಹೇಳಲಿ ಎಂದು ಕಾಯುತ್ತಿದ್ದರೇ ನನಗೆ ಗೊತ್ತಿಲ್ಲ. ಕೇಳಲು ನನಗೆ ಮೂರು ವರ್ಷ ಸಾಲಲಿಲ್ಲ. ಭ್ರೂಣದಿಂದ ಹಿಡಿದು ಬೆನ್ನುಮೂಳೆಯವರೆಗೆ ಆ ಮಗಳಿಗೆ ಪ್ರತಿ ಭಾನುವಾರ ಪಾಠ ಹೇಳಿದರು, ಅವಳು ಈಗ ಡಿಗ್ರಿಯಲ್ಲಿ ಜೀವಶಾಸ್ತ್ರವನ್ನೇ ಓದುತ್ತಿದ್ದಾಳೆ. ಅವರ ಅಂತ್ಯಕ್ರಿಯೆಗೆ ತಾಯಿ ಮಗಳು ಇಬ್ಬರೂ ಬಂದಿದ್ದರು. ನಾನು ಜನರ ಹಿಂದೆ ಸರಿದು ನಿಂತೆ.

ಅವರ ಕಾರ್ಯ ಮುಗಿದ ಮೇಲೆ ಒಂದು ಮಧ್ಯಾಹ್ನ ಮೂಡಲಪಾಳ್ಯಕ್ಕೆ ಹೋದೆ. ಅವಳೊಬ್ಬಳೇ ಮಣೆಯ ಮುಂದೆ ಕೂತಿದ್ದಳು. ಸಾರ್ ಬಗ್ಗೆ ಮಾತಾಡಲು ಬಂದೆನೆಂದು ತಿಳಿದು ಕಣ್ಣು ತುಂಬಿಕೊಂಡಳು. ನಾನು ನಿಂತೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎಂದು ಭಯವಿತ್ತು.

"ಸಾರ್ ಮರ್ತಿರ್ಲಿಲ್ಲ ಕಣಮ್ಮ. ಅಪ್ಪ ಹೋದ ಸುದ್ದಿ ಬಂದಾಗ್ಲೂ ನೆನಪಿಟ್ಕೊಂಡು ಬಂದು ಹೇಳಿದ್ರು. ನಿಮಗೆ ಹೇಳ್ದೇ ಇದ್ದಿದ್ದು ನಾನು. ಹೇಳಿದೀನಿ ಅಂತ ಅವರ ಹತ್ರ ಸುಳ್ಳು ಹೇಳಿದ್ದೂ ನಾನೇ."

ಅವಳ ಕೈ ಕಡ್ಡಿಯ ಮೇಲೆ ನಿಂತಿತು. ಸಾರ್‌ಗೆ ಗೊತ್ತಿತ್ತಾ ಎಂದು ಕೇಳಿದಳು. ಇಲ್ಲೇ, ಆವತ್ತು ನೀನು ಹೇಳಿದಾಗಲೇ ಗೊತ್ತಾಯಿತು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಹೋಗಲಿ ಬಿಡಿ ಮೇಡಂ ಎನ್ನುತ್ತಾಳೆ ಎಂದು ಒಳಗೊಳಗೇ ಆಸೆಪಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಎರಡೂ ಆಗಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಮಡಚಿ ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಬಿಡಿಸಿ ನನ್ನ ಮುಂದೆ ಇಟ್ಟಳು.

"ಕೂತ್ಕೊಳ್ಳಿ ಮೇಡಂ. ಮಗಳು ಆರು ಗಂಟೆಗೆ ಬರ್ತಾಳೆ. ನಮ್ಮಮ್ಮಂಗೆ ಓದು ತಲೆಗೆ ಹತ್ತಲಿಲ್ಲ, ಅದಕ್ಕೆ ಬಿಟ್ಲು ಅಂತಾನೇ ಅವಳು ತಿಳ್ಕೊಂಡಿರೋದು. ನಾನೂ ಓದ್ಬೋದಿತ್ತು ಕಣೇ ಅಂದ್ರೆ ನಗ್ತಾಳೆ. ಅವಳಿಗೆ ನೀವೇ ಹೇಳಿ."

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ ಆಗಿತ್ತು. ನಾನು ಕೂತೆ.